ಹತ್ತುವ ಹಲಗೆ

ಎಪ್ಪತ್ತೆಂಟರ ಫೋರ್ಡು. ಹರೆಯದ ಹಮ್ಮಿಗೆ
ಆರಿಂಚು ಎತ್ತರಿಸಿದ್ದ ಡೆಲ್ಮರ್;
ವೆಲ್ಮಾ ಆಗ ಒಂದೇ ನೆಗೆತಕ್ಕೆ ಒಳಗೆ.

ಸೊಂಟಕ್ಕೆ ಉಕ್ಕು ಕೂತಮೇಲೆ
ಹಾಲಿನ ನೀಲಿ ಕ್ರೇಟು, ಅದಕ್ಕೊಂದು ಹಗ್ಗ:
ಹತ್ತುವುದು,
ಕೊಡ ಸೇದಿದಂತೆ ಅದನ್ನೂ ಮೇಲೆ ಸೇದಿಕೊಳ್ಳುವುದು.

ಇವತ್ತು ನೆವಾಡಾದ ಬಿಸಿಲಲ್ಲಿ ಅಂಗಾತ ಮಲಗಿ
ಚಾಸಿಗೆ ತೂತು ಕೊರೆದ. ಕಣ್ಣಿಗೆ ತುಕ್ಕು.
ಕೆಂಪು ತಂತಿ, ಫ್ಯೂಸು; ಎರಡು ಸಲ ತಪ್ಪು.

ಬಾಗಿಲು ತೆರೆದರೆ ಈಗ
ಝುಂಯ್ ಎಂದು ಹಲಗೆ ಇಳಿದುಬರುತ್ತದೆ,
ಮುಚ್ಚಿದರೆ ಹೊಟ್ಟೆಯೊಳಕ್ಕೆ.
ಪೇಟೆಯವರ ಕಣ್ಣಿಗೆ ಟ್ರಕ್ಕು ಹಳೆಯ ಹುಲಿಯೇ.

ಅವಳು ನೋಡಿದಳು. "ಮೊದಲು ನೀನು ಹತ್ತು."
"ನನಗ್ಯಾಕೆ?" ಎಂದ;
ಎಂದವನ ಕೈ ಆಗಲೇ ಎಡಮೊಣಕಾಲ ಮೇಲಿತ್ತು.
ಹತ್ತಿದ. ಹಲಗೆ ತುಸು ತಗ್ಗಿ ತಡೆದುಕೊಂಡಿತು.

ಕ್ರೇಟನ್ನು ಅವಳು ಎಸೆಯಲಿಲ್ಲ.
ಕರೆಂಟನ್ನು ನಂಬುವ ಜಾಯಮಾನ ಅಲ್ಲ ಅವಳದ್ದು.
ಸೀಟಿನ ಹಿಂದಿದೆ, ಹಗ್ಗ ಸಮೇತ.