ಹೆಬ್ಬೆಟ್ಟು

ಮ್ಯಾಲಿನ ಖಾನೆದಾಗ ಮಂಜು ಕಲ್ಲಾಗ್ಯದ,
ತೆಳಗಿನ ಖಾನೆದಾಗ ಹಾಲು ಒಡದದ.
ಒಂದಽ ಪೆಟ್ಟಿಗಿ, ಎರಡು ಊರಿನ ಹವಾ.

ಕಲಬುರಗಿ ಮೇ ತಿಂಗಳು. ಶಹಾಬಜಾರದ ನಮ್ಮ ಓಣ್ಯಾಗ
ಮುಂಜಾನೆ ಹತ್ತಕ್ಕೇ ಪರಸಿ ಹಂಚಿನಂಗ ಕಾಯ್ತದ.

ಮೆಕ್ಯಾನಿಕ್ ಬಂದ. ಬಾಗಿಲಾ ತಗದ, ಹಾಕ್ದ,
ಹಿಂದ ಒಮ್ಮಿ ಬಡದ.
'ಕಂಪ್ರೆಸರ್ ಹೋಗ್ಯದ. ಆರು ಸಾವಿರ. ಇಲ್ಲೊಂದು ಸಹಿ ಮಾಡ್ರಿ.'
ನಾ ಹೆಬ್ಬೆಟ್ಟು ಮುಂದ ಹಿಡದೆ. ಅಂವ ನಕ್ಕ.
ನಾಳಿಗಿ ಇಂಕಿನ ಡಬ್ಬಿ ತರ್ತಾನಂತ.

ಫ್ರಿಜ್ಜಿನ ಬಾಗಿಲಾಗ ಹಸೀನಾಬಿಯ ಇನ್ಸುಲಿನ್ ಅದ,
ನಾಳಿ ಅನ್ನಾದು ಅದಕ್ಕ ತಿಳ್ಯಂಗಿಲ್ಲ.
ಸೀಸೆ ಡಬ್ಬಿಗ್ಹಾಕಿ, ಹಸಿ ಅರಿವಿ ಸುತ್ತಿ
ರಂಜಣಿಗಿ ಬಾಜೂಕ ಇಟ್ಟು, ನೆಲಕ್ಕ ಕುಂತೆ.

ಮೂವತ್ತು ವರ್ಷ ಹೊಲಿಗಿ ಮಷಿನ್ ತುಳದ ಕಾಲು ನಂದು.
ಯಾವ ಸಪ್ಪಳ ಸುಖದ್ದು, ಯಾವುದು ಸಂಕಟದ್ದು
ಹಿಮ್ಮಡಕ್ಕ ತಿಳೀತದ.
ಕಂಪ್ರೆಸರ್ ಸತ್ತಿದ್ರ ಮ್ಯಾಲ ಮಂಜು ಹೆಂಗ ಕಟ್ಟೀತು?
ಥಂಡಿ ಹುಟ್ಟಲಾಕತ್ತದ,
ತೆಳಗ ಕರಕೊಂಡು ಬರವರು ಇಲ್ಲ.

ಅಂದ್ರ ಫ್ಯಾನ್.
ಆದ್ರ ಬಾಗಿಲಾ ತಗದ್ರ ಅದು ತಾನಽ ನಿಂದರ್ತದ.
ನನ್ನ ಮೊಮ್ಮಗಳು ಅಂಬು ಹಂಗಽ:
ಒಬ್ಬಾಕೀನಽ ಹಾಡ್ತಿರ್ತಾಳ, ಇಣುಕಿದ್ರ ಸುಮ್ಮ.

ಚೌಕಟ್ಟಿನ ಮೂಲ್ಯಾಗ ಸಣ್ಣದೊಂದು ಬಟನ್.
ಹೆಬ್ಬೆಟ್ಟಿಲೆ ಒತ್ತಿ ಹಿಡದೆ,
ಬಾಗಿಲಾ ಮುಚ್ಚ್ಯದ ಅಂತ ಸುಳ್ಳು ಹೇಳ್ದೆ.
ದೀಪ ನಂಬಿತು, ಆರಿತು.
ಫ್ಯಾನ್ ನಂಬಿತು ಖರೆ, ಏಳಲಾರದೆ
ಒಳಗ ಟಕ್, ಟಕ್ ಅಂತ ನರಳಿತು.
ದಾರ ಹರದಿಲ್ಲ. ಸೂಜಿ ಸಿಕ್ಕಂಡದ.

ಪ್ಲಗ್ ಕಿತ್ತಿ, ಹಿಂದಿನ ಹಲಗಿ ಬಿಚ್ಚಿದೆ.
ಮಂಜು ರೆಕ್ಕಿ ಕಚ್ಚಿ ಹಿಡದಿತ್ತು.
ಚಾಕು ಹಚ್ಚಲಿಲ್ಲ. ಬಿಸಿನೀರಾಗ ಅದ್ದಿದ ಅರಿವಿ,
ಹಿಂಡಿ, ಇಟ್ಟು, ಹಿಂಡಿ,
ಓಣಿಯೆಲ್ಲಾ ಮಲಗಿದ ಮಧ್ಯಾಹ್ನದ ತನಕ.
ನೀರು ಹೋಗೋ ತೂತಿನ್ಯಾಗ ಲೋಳಿ ಕಟ್ಟಿತ್ತು,
ಲಾಡಿ ಪೋಣಸೋ ಕಡ್ಡಿ ಹಾಕಿ ತಗದೆ.
ಬೆಳ್ಳಿಲೆ ತಿರುವಿದ್ರ ರೆಕ್ಕಿ ಇನ್ನಾ ಬಿಗಿ.
ಮಷಿನ್ ಎಣ್ಣಿ, ಒಂದಽ ಹನಿ.

ಮತ್ತ ಪ್ಲಗ್. ಮತ್ತ ಹೆಬ್ಬೆಟ್ಟು. ಮತ್ತ ಅದಽ ಸುಳ್ಳು.
ಗಾಳಿ ಬಂತು,
ಬೆವತ ಕೊಳ್ಳಿಗಿ ಮೊದಲು, ಆಮ್ಯಾಲ ಕಿವಿಗಿ.
ಎಷ್ಟೊತ್ತು ಒತ್ತಿ ಹಿಡದು ನಿಂತಿದ್ದೆನೋ!
'ಬಾಗಿಲಾ ಹಾಕವಾ, ಅದರ ಕೆಲಸ ಅದು ಮಾಡ್ಲಿ'
ಅಂದ್ಳು ಹಸೀನಾಬಿ, ಡಬ್ಬಿ ಹಿಡಕೊಂಡು ಬಂದಾಕಿ.

ರಾತ್ರಿ ಕತ್ತಲದಾಗ ಮತ್ತ: ಟಕ್, ಟಕ್.
ದಡಬಡಿಸಿ ಎದ್ದು ಕಿವಿ ಹಚ್ಚಿದೆ.
ಫ್ರಿಜ್ ತಣ್ಣಗ ಗುಂಯ್ ಅನ್ನಲಾಕತ್ತಿತ್ತು.
ಗ್ವಾಡಿ ಮ್ಯಾಲ ಹಲ್ಲಿ.
ಖರೆ ಮಾತಿಗಿ ಲೊಚಗುಟ್ತದ ಅಂತಾರ.
ಬಟನ್ನಿಗಿ ನಾ ಹೇಳಿದ್ದು
ಯಾವ ಲೆಕ್ಕಕ್ಕ ಹಿಡೀತೋ ಏನೋ.