ಚೀಲದೊಳಗಿನ ಕೈ

ತೊನ್ಲೆ ಸಾಪ್ ಇಳಿಯತೊಡಗಿದೆ.
ನಮ್ಮ ತೇಲುಮನೆ ರಾತ್ರಿಯೆಲ್ಲ ಡ್ರಮ್ಮುಗಳ ಮೇಲೆ
ಮಗ್ಗುಲು ಬದಲಿಸಿ ಬದಲಿಸಿ
ಈಗಷ್ಟೇ ಸುಮ್ಮನಾಗಿದೆ.
ಚಿಕ್ಕಮ್ಮ ಸಾರುನ್ ಚೀಲದ ಬಾಯಿ ಬಿಚ್ಚಿ
ಮೊಣಕೈತನಕ ಕೈ ಇಳಿಸುತ್ತಾಳೆ,
ಅಕ್ಕಿಡಬ್ಬದ ತಳ ಕೆರೆಯುವವಳ ಹಾಗೆ.

ಟಾರ್ಚು ಹಾಕಲೇ ಅಂದರೆ, ಬೇಡ.
ಕೆಸರು ಎಲ್ಲಕ್ಕೂ ಒಂದೇ ಅಂಗಿ ತೊಡಿಸಿರುತ್ತದೆ,
ಕಣ್ಣಿಗೆ ಅವಸರ,
ತನಗೆ ಬೇಕಾದ್ದನ್ನೇ ನೋಡುತ್ತದೆ.
ನೀನು ಬರಿ.

ಬರೆಯುತ್ತೇನೆ.
ಎಣ್ಣೆ ಸವರಿದ ಹಾಗೆ ಜಾರಿದರೆ ಪಟ್ಟೆಯದು,
ಮೊಸಳೆ ಸಾಕುವವನ ಬುಟ್ಟಿಗೆ, ಕಿಲೋ ಲೆಕ್ಕ.
ಬೆನ್ನು ಒರಟು, ಕೆನ್ನೆ ಉಬ್ಬಿದ್ದು, ಮುಖವಾಡದ್ದು:
ಚರ್ಮಕ್ಕೇ ಬೇರೆ ಬೆಲೆ, ಗೀರಬಾರದು.
ತಲೆಯೋ ಬಾಲವೋ ತಿಳಿಯದೆ
ಬೆರಳು ಎರಡು ಸಲ ಹೋಗಿಬಂದರೆ ಮೊಂಡಬಾಲ.
ಹಿಡಿದ ಕೂಡಲೇ ಕಚ್ಚಿದ್ದು ಒಳ್ಳೆ.
ಕಚ್ಚಿದರೂ ಒಳ್ಳೆಯೇ, ಅನ್ನುತ್ತಾಳೆ,
ರಕ್ತವನ್ನು ಕ್ರಾಮಾದ ಅಂಚಿಗೆ ಒರೆಸಿ.

ಇನ್ನೊಂದಿದೆ, ಮುಟ್ಟಿದೊಡನೆ ಸೆಟೆದು ಸೌದೆಯಾಗುತ್ತದೆ.
ಮೂತಿಯ ಮೇಲೆ ಎರಡು ಮೆದು ಮೀಸೆ.
ಸತ್ತಿದೆಯಾ?
ನಟನೆ. ಸಾಲ ಕೊಟ್ಟವನು ಬಂದಾಗ
ನಿನ್ನ ಅಜ್ಜ ಹೀಗೇ ಮಲಗುತ್ತಿದ್ದ.
ಕೊಳ್ಳುವವರಿಲ್ಲ, ನೀರಿಗೆ ಬಿಡುತ್ತಾಳೆ.
ಕಡ್ಡಿಯೊಂದು ತೇಲಿ ಹೋಗಿ
ಪಕ್ಕದ ಮನೆಯ ದೀಪ ದಾಟಿದ ಮೇಲೆ
ಹಾವಾಗುತ್ತದೆ.

ಎರಡನೆಯ ಚೀಲ.
ಚಿಕ್ಕಮ್ಮನ ಕೈ ನಿಂತಿತು.
ಇಂಜಿನ್ ದೋಣಿಯೊಂದು ಹಾದು ಮನೆ ಕುಲುಕಿತು,
ಭುಜ ಕುಲುಕಿತು,
ಕೈ ಮಾತ್ರ ಒಳಗೆ ಎಲ್ಲಿತ್ತೋ ಅಲ್ಲೇ.
ಎಷ್ಟು ಹೊತ್ತೋ.
ನನ್ನ ಪೆನ್ನು ಒಂದೇ ಚುಕ್ಕೆಯ ಮೇಲೆ ಊರಿ ಊರಿ
ಹಾಳೆ ತೂತಾಯಿತು.
ಆಮೇಲೆ ಒದ್ದೆ ಬಟ್ಟೆಯಿಂದ ದಾರ ಎಳೆದ ಹಾಗೆ
ಬೆರಳು ಬೆರಳಾಗಿ ಹೊರಬಂತು.
ಐದೂ.
ಚೀಲದ ಬಾಯಿ ಬಿಗಿದಳು.

ಇದು ನೀರಿನದಲ್ಲ.
ಪೊದೆ ಮುಳುಗಿದಾಗ ಮರವೇರಿದ್ದು, ಈಗ ಬಲೆಗೆ ಇಳಿದಿದೆ.
ಹೇಗೆ ಗೊತ್ತು?
ನೀರಿನದಕ್ಕೆ ಕೈ ಸಿಕ್ಕರೆ ಸುತ್ತಿಕೊಳ್ಳುತ್ತದೆ.
ಇದು ಯೋಚಿಸುತ್ತಿತ್ತು.

ಹೋದ ವರ್ಷ ಫೀಪ್ ಚಿಕ್ಕಪ್ಪ ಟಾರ್ಚು ಹಿಡಿದೇ ನೋಡಿದ್ದ.
ಕಂದು, ನೀರಿನದೇ, ಅಂದಿದ್ದ.
ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಬೆಳಕು ಹರಿದ ಮೇಲೆ ದೋಣಿಯಲ್ಲಿ ಹೋಗಿ
ಗಳದ ತುದಿಯಿಂದ ಗಂಟು ಬಿಡಿಸಿ
ಚೀಲವನ್ನೇ ಪೊದೆಗೆ ಸುರಿದೆವು.
ಅದರ ಜೊತೆ ಹದಿನಾಲ್ಕು ಕಿಲೋ ಪಟ್ಟೆಹಾವೂ ಹೋಯಿತು,
ಅಕ್ಕಿ, ಡೀಸೆಲ್, ತಮ್ಮನ ಚಪ್ಪಲಿ.
ಎರಡನೆಯ ಚೀಲದ ಮುಂದೆ ಏನು ಬರೆಯಲಿ?
ತೂತಿದೆಯಲ್ಲ, ಸಾಕು.

ರಾತ್ರಿ ಸೊಳ್ಳೆಪರದೆಯೊಳಗೆ ಕಣ್ಣು ಮುಚ್ಚಿ
ಅಭ್ಯಾಸ ಮಾಡುತ್ತೇನೆ.
ಇದು ಹಗ್ಗ.
ಇದು ತಮ್ಮ ವಿಚೆತ್‌ನ ಹಿಮ್ಮಡಿ, ಗುಳ್ಳೆ ಒಡೆದದ್ದು.
ಇದು ಚಿಕ್ಕಮ್ಮನ ಕೈ, ನಿದ್ದೆಯಲ್ಲೂ ಮುಷ್ಟಿ.
ಮೆಲ್ಲಗೆ ಬಿಡಿಸಲು ನೋಡಿದೆ.
ಸೆಟೆಯಿತು,
ಸೌದೆಯ ಹಾಗೆ.