ನೆಟ್‌ವರ್ಕ್ ತೊಂದರೆ

ಪರದೆಯ ಮೇಲೆ ನಾನೊಂದು ಹಸಿರು ಬಿಲ್ಲೆ,
ನಡುವೆ ‘ಪು’ ಅನ್ನೋ ಅಕ್ಷರ.
ಪುಟ್ಟಲಿಂಗಮ್ಮ ಅಂತ ಪೂರ್ತಿ ಕರೆಯುವಷ್ಟು
ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ.
ಆಳಂದದ ಭೀಮಾಶಂಕರ ಕಂದು ಬಿಲ್ಲೆ,
ಉಳ್ಳಾಲದ ಜುಲೇಖಾ ನೀಲಿ.
ಒಂಬತ್ತು ಅಂದರೆ ಒಂಬತ್ತು ಅನ್ನುವವಳು,
ಚಹಕ್ಕೆ ಎದ್ದ ನಾಲ್ಕು ನಿಮಿಷವನ್ನೂ
ತಖ್ತೆಯಲ್ಲಿ ಬರೆಯುವವಳು.

ಹಳೇ ಪಹಣಿಯ ಹುಳ ತಿಂದ ಹಾಳೆಗಳನ್ನು
ಕಂಪ್ಯೂಟರಿಗೆ ಏರಿಸುವುದು ನಮ್ಮ ಕೆಲಸ.
ಯಾವ ಶ್ಯಾನುಭೋಗರ ಕೈಯೋ,
‘ಪ’ ಬರೆದರೆ ‘ವ’ದ ಹಾಗೆ ಕಾಣುತ್ತದೆ.
ಹೊಳಲಿನ ಈ ನಡುಮನೆಯಲ್ಲಿ
ರಾಗಿ ಮೂಟೆಗೆ ಬೆನ್ನು ಕೊಟ್ಟು ಕೂತರೆ
ನಮ್ಮತ್ತೆ ಕೇಳೋರು:
“ಗ್ವಾಡೆ ನೋಡ್ಕಂಡು ಯಾರ್ ತಾವ ಮಾತಾಡ್ತಿದ್ದಿಯವ್ವ?”
ಯಾರ ತಾವ? ನನಗೂ ಗೊತ್ತಿರಲಿಲ್ಲ.

ಪರಿಚಯ ಬೆಳೆಯಲಿ ಅಂತ ಮೇಲಿನವರು
ಒಂದು ಶುಕ್ರವಾರ ಆಟ ಆಡಿಸಿದರು:
ಎರಡು ನಿಜ, ಒಂದು ಸುಳ್ಳು.
ಭೀಮಾಶಂಕರ ಹೇಳಿದ:
ತೊಟ್ಟಿಲಲ್ಲಿದ್ದಾಗ ಚೇಳು ಕಡಿದಿತ್ತು,
ಈಜು ಬರುತ್ತದೆ,
ಕಾವೇರಿ ನೋಡಿದ್ದೇನೆ.
ಚೇಳೇ ಸುಳ್ಳು ಅಂದೆವು ಎಲ್ಲರೂ.
ಸುಳ್ಳು ಕಾವೇರಿಯಾಗಿತ್ತು.
ನಕ್ಕೆವು. ಮ್ಯೂಟ್ ಒತ್ತಿದೆವು.

ಆಮೇಲೊಂದು ರಾತ್ರಿ ಹನ್ನೊಂದೂವರೆಗೆ ಫೋನು.
ಗುಂಪಿನಲ್ಲಿ ಹಾಕಬಹುದಿತ್ತು, ಹಾಕಿರಲಿಲ್ಲ.
“ಅಕ್ಕೋರ, ಯಾರದೋ ಎರಡು ಗುಂಟಿ
ನಿಮ್ಮ ಕೈಯಾಗ ಎರಡು ಎಕರಿ ಆಗ್ಯಾವ.
ಬೆಳಗಾಗೂದರಾಗ ತಿದ್ದಿಬಿಡ್ರಿ,
ನಾ ಏನೂ ನೋಡಿಲ್ಲ.”
ಅತ್ತ ಕಡೆ ನಾಯಿ ಬೊಗಳಿತು, ಯಾರೋ ಕೆಮ್ಮಿದರು.
ಅವನಿಗೂ ಒಂದು ಮನೆ ಇದೆ ಅಂತ
ಅವತ್ತು ನಂಬಿದೆ.

ನಾಲೆಗೆ ನೀರು ಬಿಟ್ಟ ದಿನ
ಒಂಬತ್ತರ ಕರೆಗೆ ನಾನು ಮೂಟೆ ಹತ್ತಿರ ಕೂರಲಿಲ್ಲ.
ತೂಬಿನ ಕಟ್ಟೆ ಮೇಲೆ ಕಾಲು ಇಳಿಬಿಟ್ಟು
ಫೋನನ್ನು ನೀರಿಗೆ ಹಿಡಿದೆ.
ವರ್ಷದ ಮೊದಲ ನೀರು, ಕೆಂಪು,
ಒಂದೇ ಒಂದು ಹವಾಯಿ ಚಪ್ಪಲಿ,
ಕಬ್ಬಿನ ಸೋಗೆ, ನೊರೆ, ಎಲ್ಲಾ ಹೊತ್ತುಕೊಂಡು
ತೂಬಿನ ಬಾಯಿಗೆ ಬಂದು ಗುದ್ದಾಡುತ್ತಿತ್ತು.
“ಭೀಮಣ್ಣ, ನಿನ್ನ ಸುಳ್ಳ ಇವತ್ತು ನಿಜ ಮಾಡ್ಕೊ.”

ಹದಿಮೂರು ನಿಮಿಷ
ಯಾರೂ ಕೆಲಸದ ಮಾತೆತ್ತಲಿಲ್ಲ.
ನಡುವೆ ಒಮ್ಮೆ, ಬಹಳ ಮೆಲ್ಲಗೆ,
“ಇಷ್ಟು ಸಪ್ಪಳ ಮಾಡ್ತದೇನ್ರೀ?”

ಸಂಜೆ ಹೆದರಿಕೊಂಡೇ ತಖ್ತೆ ತೆರೆದೆ.
ಜುಲೇಖಾ ತುಂಬಿದ್ದಳು:
ಒಂಬತ್ತರಿಂದ ಒಂಬತ್ತು ಹದಿಮೂರು,
ಮಂಡ್ಯ ಕಡೆ ನೆಟ್‌ವರ್ಕ್ ತೊಂದರೆ.